ಮೊದಲು ಹಲ್ಲು ಎಣಿಸಿರಿ: ಕವಡಿಯ ಹೊಸ ಪಳೆಯುಳಿಕೆ ಪ್ರಭೇದವನ್ನು ವರ್ಣಿಸುವ ಬಗೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದ. ಕಚ್ಛಿನಿಂದ ತಂದಿದ್ದ ಕಡ್ಡಿಪೆಟ್ಟಿಗೆ ತೆರೆದು, ಅರಳೆಯೊಳಗೆ ಕೂತಿದ್ದ ಬೂದುಬಣ್ಣದ ಕವಡಿಯೊಂದನ್ನು ನನ್ನ ಅಂಗೈಗಿಟ್ಟ. "ಸರ್, ಯಾವ ಪುಸ್ತಕದಾಗೂ ಇಂಥಾದ್ದು ಸಿಗವಲ್ದು. ಇದು ಹೊಸಾ ಪ್ರಭೇದ ಅಂತ ಅನಸ್ತೈತ್ರಿ" ಅಂದ. ನಾನು ಅದನ್ನು ಎರಡು ಮೂರು ಸಲ ತಿರುಗಿಸಿ ನೋಡಿದೆ. "ಮೊದಲ ಯಲ್ಲಮ್ಮನ ಗುಡ್ಡಕ್ಕ ಹೋಗಿ ಬಾ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಅವನಿಗೆ ಆ ದಿನ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಭೂವಿಜ್ಞಾನ ಓದುವ ಹುಡುಗರು ನಮ್ಮ ಸೀಮೆಯಲ್ಲೂ ಇದ್ದಾರೆ, ಅವರಿಗೂ ಬೇಕಾದೀತು.

ಸವದತ್ತಿಯ ಗುಡ್ಡದ ಮೇಲೆ ಭಂಡಾರ, ಬಳೆಯ ಅಂಗಡಿಗಳ ಸಾಲಿನಲ್ಲೇ ಕವಡಿ ಮಾರುತ್ತಾರೆ. ಸರಕ್ಕೆ, ಎತ್ತಿನ ಕೊರಳಿಗೆ, ಆಟಕ್ಕೆ ಎಲ್ಲಕ್ಕೂ ಜನ ಒಯ್ಯುತ್ತಾರೆ. ಅಲ್ಲಿ ಸಿಗುವ ಸಣ್ಣ ಕವಡಿಗಳಲ್ಲಿ ಹೆಚ್ಚಿನವು ಮೊನೆಟೇರಿಯಾ ಮೊನೆಟಾ, ಅಂದರೆ ಒಂದು ಕಾಲಕ್ಕೆ ಹಣವಾಗಿ ಚಲಾವಣೆಯಲ್ಲಿದ್ದ ಕವಡಿ. ನಡುನಡುವೆ ಬೆನ್ನ ಮೇಲೆ ಹಳದಿ ಉಂಗುರವಿರುವ ಮೊನೆಟೇರಿಯಾ ಆನ್ಯುಲಸ್ ಬರುತ್ತದೆ. ಎರಡಕ್ಕೂ 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ. ಆಗ ಅವನು ಕವಡಿಗಳನ್ನೆಲ್ಲ ಸೈಪ್ರಿಯಾ ಎಂಬ ಒಂದೇ ಕುಲಕ್ಕೆ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿಗೆ, ಸೇರಿಸಿದ್ದ, ಈಗ ಅದು ಹತ್ತಾರು ಕುಲಗಳಾಗಿ ಒಡೆದಿದೆ. ಅರವತ್ತು ಎಪ್ಪತ್ತು ಕವಡಿ ತನ್ನಿರಿ. ಅರ್ಧದಷ್ಟು ಇಡಿಯಾಗಿರಲಿ, ಇನ್ನರ್ಧ ದಾರ ಪೋಣಿಸಲೆಂದು ಬೆನ್ನು ಕೊಯ್ದವಿರಲಿ. ಬೆನ್ನು ಕೊಯ್ದ ಕವಡಿಯಲ್ಲಿ ಒಳಗಿನ ಸುರುಳಿ, ಅದು ಸುತ್ತುವ ನಡುಗಂಬ, ಬಾಯಿಯ ಅಂಚಿನಲ್ಲಿ ಸಾಲಾಗಿ ಎದ್ದ ಹಲ್ಲುಗಳು ಒಳಗೆ ಎಲ್ಲಿಯವರೆಗೆ ಹೋಗುತ್ತವೆ ಎಂಬುದು ಕಣ್ಣಿಗೆ ನಿಚ್ಚಳ ಕಾಣುತ್ತದೆ. ನನ್ನ ಮಟ್ಟಿಗೆ ಕವಡಿಯ ಅಂಗರಚನೆ ಕಲಿಸಲು ಅದಕ್ಕಿಂತ ಒಳ್ಳೆಯ ಮಾದರಿ ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ.

ಈಗ ಆ ಅರವತ್ತನ್ನೂ ಒಂದೊಂದಾಗಿ ಅಳೆಯಿರಿ. ವರ್ನಿಯರ್ ಕ್ಯಾಲಿಪರಿನಲ್ಲಿ ಉದ್ದ, ಅಗಲ, ಎತ್ತರ. ಆಮೇಲೆ ಬಾಯಿಯ ಎರಡೂ ಬದಿಯ ಹಲ್ಲುಗಳ ಎಣಿಕೆ. ವಹಿಯಲ್ಲಿ ಸಾಲು ಹಾಕಿ ಬರೆಯಿರಿ. ಮುಗಿಯುವಷ್ಟರಲ್ಲಿ ಒಂದೇ ಪ್ರಭೇದದೊಳಗೆ ಎಷ್ಟು ಹೆಚ್ಚುಕಡಿಮೆ ಇರುತ್ತದೆಂದು ನಿಮ್ಮ ಬೆರಳಿಗೇ ಗೊತ್ತಾಗಿರುತ್ತದೆ. ಒಂದು ಹುಣಸೆಬೀಜದಷ್ಟಿದ್ದರೆ ಇನ್ನೊಂದು ಅದರ ಎರಡರಷ್ಟು. ಒಂದು ನುಣುಪು ಅಂಡಾಕಾರ, ಇನ್ನೊಂದಕ್ಕೆ ಪಕ್ಕದಲ್ಲಿ ಗಂಟುಗಂಟು. ಹೀಗಾಗಲು ಕಾರಣವಿದೆ. ಎಳೆಯ ಕವಡಿ ಸುರುಳಿ ಸುತ್ತುತ್ತ ಬೆಳೆಯುತ್ತದೆ, ಆಗ ಅದರ ತುಟಿ ಕಾಗದದಂತೆ ತೆಳು, ಹಲ್ಲೇ ಇರುವುದಿಲ್ಲ, ತುದಿಯ ಸುರುಳಿ ಹೊರಗೆ ಕಾಣುತ್ತಿರುತ್ತದೆ. ಪ್ರಾಯಕ್ಕೆ ಬಂದಾಗ ತುಟಿ ಒಳಮಡಚಿ, ಹಲ್ಲು ಮೂಡಿ, ಉದ್ದದ ಬೆಳವಣಿಗೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಆಮೇಲೆ ಚಿಪ್ಪಿನ ಮೇಲೆ ಹೊಳಪಿನ ಲೇಪ ಮಾತ್ರ ಪದರಪದರವಾಗಿ ದಪ್ಪವಾಗುತ್ತದೆ. ಹಾಗಾಗಿ ಸಣ್ಣ ಕವಡಿ ಎಂದರೆ ಎಳೆಯದು ಎಂದಲ್ಲ, ದೊಡ್ಡದಾದ ಮಾತ್ರಕ್ಕೆ ಬೇರೆ ಪ್ರಭೇದವೂ ಅಲ್ಲ. ಗಾತ್ರವೊಂದನ್ನೇ ಹಿಡಿದುಕೊಂಡು "ಹೊಸದು" ಎನ್ನುವವರ ಪ್ರಬಂಧವನ್ನು ನಾನು ಎರಡನೆಯ ಪುಟಕ್ಕೆ ತಿರುವುವುದಿಲ್ಲ.

ಎಣಿಕೆಯ ಬಗ್ಗೆ ಇನ್ನೊಂದು ಮಾತು. ದೊಡ್ಡ ಚಿಪ್ಪಿಗೆ ಸಹಜವಾಗಿ ಹಲ್ಲು ಹೆಚ್ಚು. 15 ಮಿಲಿಮೀಟರಿನದನ್ನು 30 ಮಿಲಿಮೀಟರಿನದರ ಜೊತೆ ನೇರವಾಗಿ ಹೋಲಿಸಿದರೆ ತಪ್ಪಾಗುತ್ತದೆ. ಕವಡಿಗಳ ಅಧ್ಯಯನಕ್ಕೇ ಬದುಕು ತೆತ್ತ ಜರ್ಮನಿಯ ಶಿಲ್ಡರ್ ದಂಪತಿಗಳು ಇದಕ್ಕೆಂದೇ ಹಲ್ಲಿನ ಎಣಿಕೆಯನ್ನು 25 ಮಿಲಿಮೀಟರ್ ಉದ್ದದ ಚಿಪ್ಪಿಗೆ ಹೊಂದಿಸಿ ಹೇಳುವ ಪದ್ಧತಿ ತಂದರು. ಅಗಲವನ್ನು ಉದ್ದದ ಶೇಕಡಾವಾರು ಲೆಕ್ಕದಲ್ಲಿ ಬರೆಯುವುದೂ ರೂಢಿ. ಎಣಿಸುವಾಗ ತುದಿಯ ಏಣನ್ನು ಹಲ್ಲೆಂದು ಹಿಡಿದಿರೋ ಬಿಟ್ಟಿರೋ ಎಂಬುದನ್ನು ಮೊದಲೇ ಬರೆದಿಡಿ, ಇಲ್ಲದಿದ್ದರೆ ಇಬ್ಬರ ಎಣಿಕೆ ಎಂದೂ ಕೂಡುವುದಿಲ್ಲ. ನಾನು ದೊಡ್ಡದಾಗಿ ಮುದ್ರಿಸಿದ ಫೋಟೋದ ಮೇಲೆ ಪ್ರತಿ ಹಲ್ಲಿಗೂ ಗುಂಡುಸೂಜಿ ಚುಚ್ಚುತ್ತ ಎಣಿಸುತ್ತೇನೆ, ಬೇರೆ ಬೇರೆ ದಿನ, ಮೂರು ಸಲ.

ಇಷ್ಟಾದ ಮೇಲೆ ಪಳೆಯುಳಿಕೆಗೆ ಬನ್ನಿರಿ. ನಮ್ಮ ಸೀಮೆಯಲ್ಲಿ ಕವಡಿಯ ಪಳೆಯುಳಿಕೆ ಹುಡುಕಬೇಡಿರಿ, ಸಿಗುವುದಿಲ್ಲ. ಬಾಗಲಕೋಟೆಯ ಸುತ್ತಲಿನ ಕಲಾದಗಿ ಶ್ರೇಣಿಯ ಸುಣ್ಣದ ಕಲ್ಲು ನೂರು ಕೋಟಿ ವರ್ಷಕ್ಕೂ ಹಿಂದಿನದು. ಗಟ್ಟಿ ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೆ ಇನ್ನೂ ಬಹಳ ಕಾಲವಿತ್ತು. ಲೋಕಾಪುರದ ಕಡೆಯ ಕಲ್ಲಿನಲ್ಲಿ ಕಾಣುವ ಎಲೆಕೋಸಿನಂಥ ಪದರಗಳು ಸ್ಟ್ರೊಮ್ಯಾಟೊಲೈಟ್, ಸೂಕ್ಷ್ಮಜೀವಿಗಳು ಕಟ್ಟಿದ ದಿಬ್ಬಗಳು. ವಿಜಯಪುರದ ಕರಿಕಲ್ಲು ಸುಮಾರು 6.6 ಕೋಟಿ ವರ್ಷ ಹಿಂದೆ ಹರಿದ ಲಾವಾ, ಅದರೊಳಗೆ ಕವಡಿ ಹೇಗೆ ಇದ್ದೀತು? ಕವಡಿ ಬೇಕೆಂದರೆ ಬೆಚ್ಚಗಿನ, ಆಳವಿಲ್ಲದ ಕಡಲು ಇದ್ದ ಜಾಗಕ್ಕೆ ಹೋಗಬೇಕು. ಕಚ್ಛಿನ ಮಯೋಸೀನ್ (ಸುಮಾರು 2.3 ಕೋಟಿಯಿಂದ 50 ಲಕ್ಷ ವರ್ಷ ಹಿಂದಿನ ಕಾಲದ) ಪದರಗಳು, ಕೇರಳದ ಕೊಲ್ಲಂ ಪದರಗಳು, ಇನ್ನೂ ಹಳೆಯದು ಬೇಕೆಂದರೆ ತಮಿಳುನಾಡಿನ ಅರಿಯಲೂರಿನ ಕ್ರಿಟೇಷಿಯಸ್ (ಡೈನೋಸಾರ್‌ಗಳ ಕೊನೆಯ ಯುಗದ) ಪದರಗಳು.

ಆದರೂ ಹೊಸ ಪ್ರಭೇದ ವರ್ಣಿಸುವ ಕೆಲಸ ನಮ್ಮ ನೆಲಕ್ಕೆ ಹೊಸತಲ್ಲ. ಗೋಕಾಕದ ಹತ್ತಿರ ಸಿಕ್ಕ ಖಡ್ಗಮೃಗದ ಎಲುಬುಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವರ್ಣಿಸಿ, ರೈನೋಸಿರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. ಆ ಬರಹವನ್ನು ಒಮ್ಮೆ ಓದಿರಿ ಎಂದು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತ ಬಂದಿದ್ದೇನೆ. ಎಲ್ಲಿ ಸಿಕ್ಕಿತು, ಯಾವ ಮಣ್ಣಿನಲ್ಲಿ, ಯಾವ ಹಲ್ಲು, ಯಾವುದರ ಜೊತೆ ಹೋಲಿಸಿದರು ಎಂಬ ಲೆಕ್ಕ ಅದರಲ್ಲಿದೆ. ಇಂದಿಗೂ ಬೇಕಾಗಿರುವುದು ಅದೇ.

ಪಳೆಯುಳಿಕೆಯನ್ನು ನೆಲದಿಂದ ಎತ್ತುವ ಮುಂಚೆ ಆ ನೆಲದವರ ಅಪ್ಪಣೆ ಕೇಳಿರಿ, ಸಂರಕ್ಷಿತ ಜಾಗವಾದರೆ ಕೈ ಹಚ್ಚಬೇಡಿರಿ. ಇದ್ದಲ್ಲೇ ಫೋಟೋ ತೆಗೆಯಿರಿ. ಜಿಪಿಎಸ್ ಅಂಕಿ, ಪದರದ ಹೆಸರು, ಗುರುತಿನ ಪದರದಿಂದ ಎಷ್ಟು ಮೀಟರ್ ಮೇಲೆ ಅಥವಾ ಕೆಳಗೆ, ಕಲ್ಲಿನ ಬಗೆ, ಜೊತೆಗೆ ಸಿಕ್ಕ ಬೇರೆ ಚಿಪ್ಪುಗಳು, ತಾರೀಕು: ಇವನ್ನೆಲ್ಲ ಅಲ್ಲೇ, ಬಿಸಿಲಲ್ಲೇ ನಿಂತು ಬರೆಯಿರಿ. ರೂಮಿಗೆ ಹೋಗಿ ಬರೆದರಾಯಿತು ಎಂದುಕೊಂಡದ್ದು ಅರ್ಧ ಮರೆತುಹೋಗುತ್ತದೆ.

ಲೇಬಲ್ ವಿಷಯಕ್ಕೆ ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ನಮ್ಮ ಓಣಿ ಮುಳುಗಡೆಯಾದಾಗ ಸಾಮಾನೆಲ್ಲ ಟ್ರ್ಯಾಕ್ಟರಿಗೆ ಹಾಕಿ ನವನಗರಕ್ಕೆ ಬಂದೆವು. ಅವ್ವನ ಬೀಸುಕಲ್ಲು, ದೇವರ ಪೆಟ್ಟಿಗೆ, ನನ್ನ ಪಳೆಯುಳಿಕೆಯ ಟ್ರಂಕು ಒಂದರ ಮೇಲೊಂದು. ದಾರಿಯಲ್ಲಿ ಮಳೆ ಹಿಡಿಯಿತು. ಟ್ರಂಕು ತೆರೆದಾಗ ಚಿಪ್ಪುಗಳು ಸುರಕ್ಷಿತವಾಗಿದ್ದವು, ಆದರೆ ಶಾಯಿಯಲ್ಲಿ ಬರೆದ ಚೀಟಿಗಳೆಲ್ಲ ನೀಲಿ ಕಲೆಯಾಗಿದ್ದವು. ಹನ್ನೊಂದು ಕವಡಿಗಳು ಇಂದಿಗೂ ಒಂದು ತಟ್ಟೆಯಲ್ಲಿವೆ. ನೋಡಲು ಎಷ್ಟು ಚೆಂದ! ಯಾವ ಪದರದ್ದು, ಯಾವ ಊರಿನದು ಎಂದು ಹೇಳಲಾರದ ಕಾರಣ ಅವುಗಳ ಮೇಲೆ ಒಂದು ಸಾಲನ್ನೂ ಪ್ರಕಟಿಸುವಂತಿಲ್ಲ. ವಿಜ್ಞಾನದ ಲೆಕ್ಕದಲ್ಲಿ ಅವಕ್ಕೆ ಕವಡಿ ಕಿಮ್ಮತ್ತೂ ಇಲ್ಲ. ಅದಕ್ಕೇ ಈಗ ಚಿಪ್ಪಿನ ಮೇಲೆಯೇ, ಹಲ್ಲು ಅಥವಾ ಬೆನ್ನಿನ ಗುರುತು ಮುಚ್ಚದ ಜಾಗದಲ್ಲಿ, ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳವನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ಡ್ರಾಯಿಂಗ್ ಇಂಕಿನಲ್ಲಿ ಸಣ್ಣಗೆ ನಂಬರ್ ಬರೆಯುತ್ತೇನೆ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯುವುದು. ಅದೇ ನಂಬರ್ ವಹಿಯಲ್ಲಿ, ಅದೇ ನಂಬರ್ ಕಂಪ್ಯೂಟರಿನಲ್ಲಿ.

ಶುಚಿ ಮಾಡುವುದಕ್ಕೆ ನೀರು, ಮೆತ್ತನೆಯ ಹಲ್ಲುಜ್ಜುವ ಬ್ರಶ್, ಸೂಕ್ಷ್ಮದರ್ಶಕದ ಕೆಳಗೆ ಸೂಜಿ, ಇಷ್ಟೇ. ಆಮ್ಲದ ಹತ್ತಿರ ಹೋಗಬೇಡಿರಿ. ಕವಡಿ ಅರಾಗೊನೈಟ್, ಅಂದರೆ ಸುಣ್ಣದ ಒಂದು ರೂಪ. ಎಂ.ಎಸ್ಸಿ. ಓದುವಾಗ ಹಲ್ಲಿನ ಸಂದಿನ ಗಟ್ಟಿ ಮಣ್ಣು ಬಿಡಲೊಲ್ಲದೆಂದು ದುರ್ಬಲ ಆಮ್ಲದಲ್ಲಿ ಒಂದೇ ಗಳಿಗೆ ಅದ್ದಿ ತೆಗೆದಿದ್ದೆ. ಮಣ್ಣು ಉಳಿಯಿತು, ಹಲ್ಲಿನ ಏಣು ಹೋಯಿತು. ಅಂಥ ಇನ್ನೊಂದು ಕವಡಿ ನನಗೆ ಮತ್ತೆ ಸಿಗಲಿಲ್ಲ. ಈಗಲೂ ಆ ಪ್ರಸಂಗ ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೆಲವು ಕಲ್ಲುಗಳಲ್ಲಿ ಚಿಪ್ಪೇ ಕರಗಿಹೋಗಿ ಒಳಗೆ ತುಂಬಿದ ಮಣ್ಣು ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ. ಅದು ಒಳಅಚ್ಚು. ಅದರಲ್ಲಿ ಹೊರಗಿನ ಲೇಪದ ಗುರುತು, ಹಲ್ಲಿನ ಪೂರ್ಣ ರೂಪ ಯಾವುದೂ ಇರುವುದಿಲ್ಲ. ಒಳಅಚ್ಚನ್ನು ಹಿಡಿದು ಹೊಸ ಹೆಸರಿಟ್ಟರೆ ಮುಂದೆ ಬರುವವರೆಲ್ಲ ಅದರ ಜೊತೆ ಗುದ್ದಾಡಬೇಕಾಗುತ್ತದೆ. ಚಿಪ್ಪು ಉಳಿದಿರುವ, ಬಾಯಿ ಪೂರ್ತಿ ಕಾಣುವ, ಬಲಿತ ಮಾದರಿ ಸಿಗುವವರೆಗೆ ಕಾಯಿರಿ. ಒಂದೇ ಮಾದರಿಯಿಂದ ಪ್ರಭೇದ ವರ್ಣಿಸಲು ನಿಯಮದ ಅಡ್ಡಿಯಿಲ್ಲ. ಆದರೂ ಅದೇ ಪದರದಿಂದ ಐದಾರಾದರೂ ಬೇಕು ಎಂಬುದು ನನ್ನ ಹಟ, ಏಕೆಂದರೆ ಗುಡ್ಡದ ಅರವತ್ತು ಕವಡಿ ಏನು ಕಲಿಸಿದವು ಎಂಬುದನ್ನು ನಾನು ಮರೆತಿಲ್ಲ.

ಪಳೆಯುಳಿಕೆಯ ಬಣ್ಣ ಸಾಮಾನ್ಯವಾಗಿ ಮಾಸಿರುತ್ತದೆ. ಕತ್ತಲೆ ಕೋಣೆಯಲ್ಲಿ 365 ನ್ಯಾನೋಮೀಟರಿನ ಅತಿನೇರಳೆ ದೀಪ ಹಿಡಿದು ನೋಡಿರಿ. ಎಷ್ಟೋ ಚಿಪ್ಪುಗಳಲ್ಲಿ ಹಿಂದೆ ಬಣ್ಣವಿದ್ದ ಜಾಗ ಹೊಳೆದು, ಚುಕ್ಕಿಯೋ ಪಟ್ಟಿಯೋ ಎದ್ದು ಬರುತ್ತದೆ. ನಾನು ಮೊದಲ ಸಲ ಅದನ್ನು ನೋಡಿದಾಗ ಹೆಂಡತಿ, ಮಕ್ಕಳನ್ನೆಲ್ಲ ಕೋಣೆಗೆ ಕರೆದಿದ್ದೆ. ಎರಡು ಕೋಟಿ ವರ್ಷ ಮಣ್ಣಲ್ಲಿದ್ದ ಚುಕ್ಕಿಗಳು! ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿರಿ, ಆ ಬೆಳಕು ಒಳ್ಳೆಯದಲ್ಲ.

ಇನ್ನು ಹೋಲಿಕೆ. ಇದು ಕೆಲಸದ ಮುಕ್ಕಾಲು ಪಾಲು. "ಪುಸ್ತಕದಾಗ ಸಿಗವಲ್ದು" ಎಂದ ಹುಡುಗನಿಗೆ ಯಾವ ಪುಸ್ತಕ ಎಂದು ಕೇಳಿದೆ. ಈಗಿನ ಕವಡಿಗಳ ಒಂದು ಚಿತ್ರಪುಸ್ತಕ, ಅಂತರ್ಜಾಲದ ಕೆಲವು ಫೋಟೋ. ಅಷ್ಟು ಸಾಲದು. ಕ್ಯಾಪ್ಟನ್ ಗ್ರಾಂಟ್ ಸಂಗ್ರಹಿಸಿದ ಕಚ್ಛಿನ ಪಳೆಯುಳಿಕೆಗಳನ್ನು ಸೋವರ್ಬಿ 1840ರಲ್ಲಿ ವರ್ಣಿಸಿದ್ದಾರೆ. ದಕ್ಷಿಣದ ಕ್ರಿಟೇಷಿಯಸ್ ಕವಡಿಗಳನ್ನು 1846ರಲ್ಲಿ ಎಡ್ವರ್ಡ್ ಫೋರ್ಬ್ಸ್, ಮುಂದೆ 1867-68ರಲ್ಲಿ ಸ್ಟೊಲಿಚ್ಕಾ ನೋಡಿದರು. 1920ರ ದಶಕದಲ್ಲಿ ಹೊರಬಂದ ವ್ರೆಡೆನ್‌ಬರ್ಗ್ ಅವರ ದೊಡ್ಡ ಕೆಲಸಗಳಿವೆ, ತೆಂಗಿನಕಾಯಿ ಗಾತ್ರದ ಗಿಸೋರ್ಷಿಯಾ ಎಂಬ ಕವಡಿಗಳ ಮೇಲೆಯೇ ಒಂದು ಪ್ರತ್ಯೇಕ ಬರಹ. ಜಾವಾದ ಮಯೋಸೀನ್ ಚಿಪ್ಪುಗಳ ಮೇಲೆ ಕಾರ್ಲ್ ಮಾರ್ಟಿನ್ ಬರೆದದ್ದು ಸಂಪುಟಗಟ್ಟಲೆ. ಪಶ್ಚಿಮಕ್ಕೂ ಕಣ್ಣು ಹಾಯಿಸಬೇಕು: ಅರೇಬಿಯಾ ಏಷ್ಯಾಕ್ಕೆ ಬಂದು ಕೂಡಿಕೊಳ್ಳುವ ಮುಂಚೆ ನಮ್ಮ ಕಡಲು ಯುರೋಪಿನ ಕಡಲಿಗೆ ಸೇರಿಕೊಂಡಿತ್ತು. ಅಲ್ಲಿ ನೂರೈವತ್ತು ವರ್ಷದ ಹಿಂದೆಯೇ ಹೆಸರು ಪಡೆದ ಕವಡಿ ನಿಮ್ಮ ಕಡ್ಡಿಪೆಟ್ಟಿಗೆಯಲ್ಲಿ ಇದ್ದರೂ ಇರಬಹುದು. ಹಳೆಯ ಸಂಪುಟಗಳಲ್ಲಿ ಹೆಚ್ಚಿನವು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಪುಕ್ಕಟೆ ಸಿಗುತ್ತವೆ. ಈಗ ಯಾವ ಹೆಸರು ಚಾಲ್ತಿಯಲ್ಲಿದೆ ಎಂಬುದಕ್ಕೆ ಚಿಪ್ಪುಜೀವಿಗಳ ಹೆಸರುಗಳ ಅಂತರ್ಜಾಲ ಪಟ್ಟಿಯಾದ ಮೊಲಸ್ಕಾಬೇಸ್ ನೋಡಿರಿ.

ಮೂಲ ವರ್ಣನೆಯನ್ನೇ ಓದಬೇಕು, ಇನ್ನೊಬ್ಬರ ಸಾರಾಂಶ ಅಲ್ಲ. ಮೂಲ ಮಾದರಿ ಯಾವ ಮ್ಯೂಸಿಯಮ್ಮಿನಲ್ಲಿದೆ ಎಂದು ತಿಳಿದು ಫೋಟೋ ಕೇಳಿ ಪತ್ರ ಬರೆಯಿರಿ. ವಿನಯದಿಂದ, ನಂಬರ್ ಸಹಿತ ಕೇಳಿದರೆ ಕಳಿಸುತ್ತಾರೆ. ಹಳೆಯ ಕಲ್ಲಚ್ಚಿನ ಚಿತ್ರಗಳನ್ನು ಪೂರ್ತಿ ನಂಬಬೇಡಿರಿ, ಮುರಿದ ತುದಿಯನ್ನು ಚಿತ್ರಕಾರ ತಾನೇ ತುಂಬಿರುವುದುಂಟು. ಪದರದ ವಯಸ್ಸು ಬೇರೆ ಎಂಬ ಒಂದೇ ಕಾರಣಕ್ಕೆ ಪ್ರಭೇದ ಬೇರೆಯಾಗುವುದಿಲ್ಲ ಎಂಬುದೂ ನೆನಪಿರಲಿ. ಇಷ್ಟೆಲ್ಲ ಹೋಲಿಸಿದ ಮೇಲೂ ಒಂದಲ್ಲ, ಎರಡು ಮೂರು ಲಕ್ಷಣಗಳು ನಿಮ್ಮ ಎಲ್ಲ ಮಾದರಿಗಳಲ್ಲಿ ಒಟ್ಟಿಗೆ ಬಂದು, ಹತ್ತಿರದ ಪ್ರಭೇದದಲ್ಲಿ ಬಾರದಿದ್ದರೆ ಮಾತ್ರ ಮುಂದುವರಿಯಿರಿ.

ಪ್ರಬಂಧದಲ್ಲಿ ಎರಡು ಭಾಗ ಬೇರೆ ಬೇರೆ ಇರಬೇಕು. ಒಂದು, ಬೇರೆಲ್ಲದರಿಂದ ಇದನ್ನು ಬಿಡಿಸಿ ತೋರಿಸುವ ಲಕ್ಷಣಗಳು, ನಾಲ್ಕೈದು ಸಾಲಿನಲ್ಲಿ. ಇನ್ನೊಂದು, ಪೂರ್ಣ ವರ್ಣನೆ. ವರ್ಣನೆಗೆ ನಾನು ಒಂದು ಹಾದಿ ಹಿಡಿಯುತ್ತೇನೆ: ಗಾತ್ರ, ಆಕಾರ, ಬೆನ್ನು, ಸುರುಳಿಯ ತುದಿ, ಅಂಚಿನ ಲೇಪ, ಬುಡ, ಬಾಯಿ, ಹೊರತುಟಿಯ ಹಲ್ಲು, ಕಂಬದ ಬದಿಯ ಹಲ್ಲು, ಮುಂತುದಿಯ ಒಳಗಿನ ಫಾಸುಲಾ ಎಂಬ ತಗ್ಗು, ಕೊನೆಗೆ ಬಣ್ಣದ ಕುರುಹು. ಕ್ರಿಯಾಪದ ಬೇಡ, ಅಲಂಕಾರ ಬೇಡ. "ಬೆನ್ನು ಉಬ್ಬಿದ್ದು, ಅತಿ ಎತ್ತರ ಹಿಂಭಾಗದಲ್ಲಿ, ಬಾಯಿ ಕಿರಿದು, ಹಿಂದೆ ಎಡಕ್ಕೆ ಬಾಗಿದ್ದು, ಕಂಬದ ಬದಿಯ ಹಲ್ಲು ಬುಡದ ಅರ್ಧದವರೆಗೆ ಹಬ್ಬಿದವು" ಎಂಬ ಹಾಗೆ. ಅದನ್ನು ಮೊದಲು ಕನ್ನಡದಲ್ಲೇ ಬರೆಸುತ್ತೇನೆ. ಇಂಗ್ಲಿಷಿನಲ್ಲಿ ಬರೆಯಲು ಕೂತ ಹುಡುಗರು ಹಳೆಯ ಪ್ರಬಂಧದ ಸಾಲನ್ನೇ ಎತ್ತಿಡುತ್ತಾರೆ, ಕನ್ನಡದಲ್ಲಾದರೆ ಚಿಪ್ಪನ್ನು ನೋಡಲೇಬೇಕಾಗುತ್ತದೆ.

ಫೋಟೋಗೆ ಸುರುಳಿಯ ತುದಿ ಮೇಲೆ, ಮುಂತುದಿ ಕೆಳಗೆ. ಬೆನ್ನು, ಬುಡ, ಎರಡೂ ಪಕ್ಕ, ಎರಡೂ ತುದಿ. ಬುಡದ ಚಿತ್ರದಲ್ಲಿ ಹೊರತುಟಿ ನಿಮ್ಮ ಬಲಕ್ಕೆ ಬರಬೇಕು. ಎಡಕ್ಕೆ ಬಂದಿದ್ದರೆ ಚಿತ್ರ ಕನ್ನಡಿಯಾಗಿದೆ ಎಂದರ್ಥ. ಬೆಳಕು ಮೇಲಿನ ಎಡದಿಂದ, ಪಕ್ಕದಲ್ಲಿ ಅಳತೆಯ ಗೆರೆ.

ಹೆಸರಿಡುವುದಕ್ಕೆ ಪ್ರಾಣಿ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಇದೆ. ಈಗಿರುವುದು 1999ರ ನಾಲ್ಕನೆಯ ಆವೃತ್ತಿ, 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಇದು ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಹೇಳಬೇಕು, ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಬರೆಯಬೇಕು, ಹೋಲೋಟೈಪ್ ಅಂದರೆ ಹೆಸರನ್ನು ಹೊರುವ ಆ ಒಂದೇ ಒಂದು ಮಾದರಿ ಯಾವುದು, ಯಾವ ಸಂಗ್ರಹಾಲಯದಲ್ಲಿ ಇರುತ್ತದೆ ಎಂದು ಹೇಳಬೇಕು. ಹೋಲೋಟೈಪ್ ಆಗಿ ಎಲ್ಲಕ್ಕಿಂತ ಚೆಂದದ್ದನ್ನಲ್ಲ, ಎಲ್ಲಕ್ಕಿಂತ ಹೆಚ್ಚು ಲಕ್ಷಣ ತೋರುವುದನ್ನು ಆರಿಸಿರಿ. ಉಳಿದವು ಪ್ಯಾರಾಟೈಪ್. 2012ರ ತಿದ್ದುಪಡಿಯ ನಂತರ ಅಂತರ್ಜಾಲದ ಪತ್ರಿಕೆಯಲ್ಲಷ್ಟೇ ಬರುವ ಹೆಸರೂ ನಡೆಯುತ್ತದೆ, ಆದರೆ ಪ್ರಕಟಣೆಗೆ ಮುಂಚೆ ಪ್ರಾಣಿ ಹೆಸರುಗಳ ಅಧಿಕೃತ ಅಂತರ್ಜಾಲ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿ ಆಗಿರಬೇಕು.

ಊರಿನ ಹೆಸರಿಗೆ "ಎನ್ಸಿಸ್" ಸೇರಿಸುವುದು ರೂಢಿ, ಫೂಟ್ ಅವರು ಡೆಕ್ಕನೆನ್ಸಿಸ್ ಎಂದ ಹಾಗೆ. ಗಂಡಸಿನ ಹೆಸರಿಗೆ ಕೊನೆಯಲ್ಲಿ "ಐ", ಹೆಂಗಸಿನ ಹೆಸರಿಗೆ "ಎಇ". ಗುಣವಾಚಕವಾದರೆ ಕುಲದ ಲಿಂಗಕ್ಕೆ ಹೊಂದಬೇಕು. ಕವಡಿಯ ಕುಲಗಳಲ್ಲಿ ಬಹಳಷ್ಟು ಸ್ತ್ರೀಲಿಂಗ, ಆದ್ದರಿಂದ ಬಿಳಿಯದಕ್ಕೆ "ಆಲ್ಬಸ್" ಅಲ್ಲ, "ಆಲ್ಬಾ". ಕನ್ನಡದ ನಾಮಪದವನ್ನು ಹಾಗೆಯೇ ಇಡಬಹುದು, ಬರೆಯುವುದು ಮಾತ್ರ ಲ್ಯಾಟಿನ್ ಲಿಪಿಯಲ್ಲಿ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಸಭ್ಯತೆಯಲ್ಲ. ಹುಡುಗ ತನ್ನ ಅವ್ವನ ಹೆಸರಿಡಬಹುದೇ ಎಂದು ಸಂಕೋಚದಿಂದ ಕೇಳಿದ. ಖಂಡಿತ ಇಡಬಹುದು. ಅವಳು ಜೋಳದ ಕಣದಲ್ಲಿ ದುಡಿದು ಅವನನ್ನು ಓದಿಸಿದ್ದು ನನಗೆ ಗೊತ್ತು.

ಆದರೆ ಆ ಹೆಸರನ್ನು ಈಗಲೇ ಪತ್ರಿಕೆಯವರಿಗೂ ವಾಟ್ಸಾಪಿಗೂ ಕೊಡಬೇಡ ಎಂದು ಎಚ್ಚರಿಸಿದೆ. ವರ್ಣನೆಯಿಲ್ಲದೆ ಹೊರಬಿದ್ದ ಹೆಸರು ಬರೀ ಹೆಸರು, ಅದಕ್ಕೆ ಮಾನ್ಯತೆಯಿಲ್ಲ, ಗೊಂದಲ ಮಾತ್ರ ಉಳಿಯುತ್ತದೆ. ಮೊದಲ ಪ್ರಕಟಣೆಗೆ ತಜ್ಞರಿಂದ ಪರೀಕ್ಷೆ ಮಾಡಿಸುವ ಪತ್ರಿಕೆಯನ್ನೇ ಆರಿಸಿರಿ. ಲಖನೌದ ಪೇಲಿಯಂಟಲಾಜಿಕಲ್ ಸೊಸೈಟಿ ಆಫ್ ಇಂಡಿಯಾ, ಬೆಂಗಳೂರಿನ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಇವುಗಳ ಪತ್ರಿಕೆಗಳಿವೆ. ವಾರದೊಳಗೆ ಅಚ್ಚು ಹಾಕುತ್ತೇವೆ, ಹಣ ಕಳಿಸಿರಿ ಎನ್ನುವವರಿಂದ ದೂರ ಇರಿ.

ಹೋಲೋಟೈಪ್ ಮನೆಯ ಕಪಾಟಿನಲ್ಲಿ ಇರಕೂಡದು. ಯಾರು ಬೇಕಾದರೂ ಹೋಗಿ ನೋಡಿ ನಿಮ್ಮ ಮಾತನ್ನು ಪರೀಕ್ಷಿಸುವಂತಿರಬೇಕು. ಕೊಲ್ಕತ್ತದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯಂಥಲ್ಲಿ ವಿಚಾರಿಸಿರಿ. ಒಪ್ಪಿಗೆ ಪಡೆದು, ಅವರ ರಿಜಿಸ್ಟರ್ ನಂಬರ್ ಸಿಕ್ಕ ಮೇಲೆಯೇ ಪ್ರಬಂಧ ಕಳಿಸಿರಿ. ನಮಗೆ ಪುಣೆ ರಾತ್ರಿ ಬಸ್ಸಿನ ದಾರಿ. ಚಿಪ್ಪನ್ನು ಅರಳೆಯಲ್ಲಿ ಸುತ್ತಿ, ಗಟ್ಟಿ ಡಬ್ಬಿಯಲ್ಲಿಟ್ಟು, ಕೈಯಲ್ಲೇ ಒಯ್ದು ಕೊಟ್ಟು ರಸೀದಿ ತನ್ನಿರಿ.

ಹುಡುಗ ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗಿ ಕವಡಿ ತಂದಿದ್ದಾನೆ. ನಲವತ್ತೆರಡರ ಎಣಿಕೆ ಮುಗಿದಿದೆ. ಅವನ ಕಚ್ಛಿನ ಕವಡಿಯ ಮುಂತುದಿಯಲ್ಲಿ ಇನ್ನೂ ಮಣ್ಣು ಕೂತಿದೆ, ಫಾಸುಲಾ ಕಾಣುತ್ತಿಲ್ಲ. ಭಾನುವಾರ ಬರಲು ಹೇಳಿದ್ದೇನೆ, ಸೂಜಿ ಹಿಡಿದು ಇಬ್ಬರೂ ಕೂಡುತ್ತೇವೆ.